ಮಾನ್ವಿಯ ಬನ್ನಿನಂಗಡಿಯಲ್ಲಿ ಎರಡನೇ ತಟ್ಟೆ

ನಗುವವರು ಈಗಲೇ ನಕ್ಕುಬಿಡಿ. ನನಗೇನೂ ಬೇಜಾರಿಲ್ಲ. ಈ ಸಂಗತಿಯನ್ನು ಇಲ್ಲಿಯವರೆಗೆ ಮೂರೇ ಜನರಿಗೆ ಹೇಳಿದ್ದೇನೆ. ಒಬ್ಬ ನಕ್ಕ. ಇನ್ನೊಬ್ಬ ತಾಯತ ಕಟ್ಟಿಸಿಕೋ ಎಂದ. ನನ್ನ ಹೆಂಡತಿ, ದೀಪ ಹಚ್ಚಿದ ಮೇಲೆ ಈ ಮಾತು ಎತ್ತಬೇಡಿ ಎಂದು ಕೈಮುಗಿದಳು. ನಾನು ಕುಡಿಯುವವನಲ್ಲ. ಕಚೇರಿಯಲ್ಲಿ ಜೀವಮಾನವೆಲ್ಲ ಕಡತ ಬರೆದವನು, ಕಂಡದ್ದನ್ನು ಕಂಡ ಹಾಗೆ ಬರೆಯುವುದಷ್ಟೇ ನನಗೆ ಗೊತ್ತು. ಇದು ನಡೆದದ್ದು ಮಾನ್ವಿಯಲ್ಲಿ, ನನ್ನವ್ವ ಸತ್ತ ಐದನೇ ದಿನ ರಾತ್ರಿ.

ಎಂಬತ್ತರ ದಶಕದ ಆರಂಭ ಅದು. ನಾನು ರಾಯಚೂರಿನಲ್ಲಿ ಗುಮಾಸ್ತ. ಅವ್ವ ತಿಮ್ಮವ್ವ ತನ್ನ ತಮ್ಮ, ಅಂದರೆ ನನ್ನ ಸೋದರಮಾವ ತಾಯಪ್ಪನ ಜೊತೆ ಗುಂಜಹಳ್ಳಿಯಲ್ಲಿದ್ದಳು. ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದವಳು. ಸೀರೆಗೆ ಯಾವಾಗಲೂ ತೌಡಿನ ವಾಸನೆ. ಆ ಧೂಳಿಗೆ ಒಣಕೆಮ್ಮು ಹತ್ತಿತ್ತು. ಕೆಮ್ಮಿದರೆ ಎರಡೇ ಸಲ... ಖೊಕ್, ಖೊಕ್. ಆಮೇಲೆ ಸುಮ್ಮನಾಗುತ್ತಿದ್ದಳು.

ಆಗ ನಮ್ಮ ಕಡೆ ಒಂದು ಬನ್ನಿನಂಗಡಿ ಭಾರಿ ಹೆಸರು ಮಾಡಿತ್ತು. ಒಬ್ಬನೇ ಮಾಲೀಕ, ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಕಡೆ ಒಂದೇ ತರದ ಅಂಗಡಿ. ಒಂದೇ ಕೆಂಪು ಬೋರ್ಡು, ಒಂದೇ ರುಚಿ. ಬನ್ನು ಸೀಳಿ, ಕಾವಲಿಯ ಮೇಲೆ ಎಣ್ಣೆ ಹಚ್ಚಿ ಬಿಸಿ ಮಾಡಿ, ನಡುವೆ ಆಗಷ್ಟೇ ಕರಿದ ಮಿರ್ಚಿ ಬಜ್ಜಿ, ಉಳ್ಳಾಗಡ್ಡಿ, ಶೇಂಗಾ ಚಟ್ನಿ ಇಟ್ಟು ಒತ್ತಿ ಕೊಡುತ್ತಿದ್ದರು. ಈಗಿನ ಹುಡುಗರು ಬರ್ಗರ್ ಬರ್ಗರ್ ಎಂದು ಊರೂರು ಸುತ್ತುತ್ತಾರಲ್ಲ, ನಮಗೆ ಅದೇ ಬರ್ಗರ್. ಹಳ್ಳಿಗಳಿಂದ ಜನ ಎತ್ತಿನಗಾಡಿ ಕಟ್ಟಿಕೊಂಡು ತಿನ್ನಲು ಬರುತ್ತಿದ್ದರು.

ಅವ್ವ ಗಿರಣಿಗೆ ಹೋಗುವ ದಾರಿಯಲ್ಲೇ ರಾಯಚೂರಿನ ಅಂಗಡಿ. ದಿನಾ ಎರಡು ಹೊತ್ತು ಅದರ ಮುಂದೆ ಹಾಯುವಳು. ನಾವು ಊರ ಹೊರಗಿನ ಕೇರಿಯವರು. ಅವ್ವನ ಕಾಲದಲ್ಲಿ ನಮ್ಮವರು ಇಂಥ ಕಡೆ ಹೊರಗೆ ನಿಂತೇ ತಿನ್ನಬೇಕು, ಚಹಾದ ಕಪ್ಪೂ ಬೇರೆ. ನನಗೆ ನೌಕರಿ ಸಿಗುವ ಹೊತ್ತಿಗೆ ಬಾಯಿಬಿಟ್ಟು ಹಾಗೆ ಹೇಳುವವರು ಕಡಿಮೆಯಾಗಿದ್ದರು. ಅವ್ವನಿಗೆ ಮಾತ್ರ ಆ ಹೊಸ್ತಿಲು ದಾಟಲು ಕಾಲು ಬರುತ್ತಿರಲಿಲ್ಲ.

“ಯಪ್ಪಾ, ಒಂದ್ಸಲ ಒಳಗ ಬೆಂಚಿನ ಮ್ಯಾಲ ಕುಂತು ತಿನ್ನಬೇಕಂತ ಆಸಿ ಅದ. ನಿನ್ನ ಸಂಗಾಟ ಬಂದ್ರ ಯಾರೂ ಏನೂ ಅನ್ನಂಗಿಲ್ಲ” ಎಂದಿದ್ದಳು.

“ಮುಂದಿನ ತಿಂಗಳು ಹೋಗೋಣ ಬೇ” ಎಂದಿದ್ದೆ.

ಹಾಗೆನ್ನುತ್ತಾ ಮೂರು ವರ್ಷ ತಳ್ಳಿದೆ. ನಿಜ ಹೇಳಿಬಿಡುತ್ತೇನೆ. ನಮ್ಮ ಕಚೇರಿಯವರೆಲ್ಲ ಸಂಜೆ ಅಲ್ಲೇ ಕೂಡುತ್ತಿದ್ದರು. ನಾನು ಯಾವ ಕೇರಿಯವನೆಂದು ಅವರಿಗೆ ತಿಳಿದಿರಲಿಲ್ಲ. ತೌಡಿನ ವಾಸನೆಯ ಸೀರೆಯುಟ್ಟ ಮುದುಕಿಯನ್ನು ಕರೆದುಕೊಂಡು ಅವರ ಮುಂದೆ ಕೂಡಲು ನನಗೆ ನಾಚಿಕೆ. ಅಷ್ಟೇ.

ಅವ್ವ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಮಣ್ಣು ಹಾಕುವಾಗಲೂ ನನಗೆ ಅಳು ಬರಲಿಲ್ಲ. ಹಲ್ಲು ಕೀಳಿಸಿಕೊಂಡಾಗ ದವಡೆ ಜೋಮು ಹಿಡಿಯುತ್ತದಲ್ಲ, ಮೈಯೆಲ್ಲ ಹಾಗಾಗಿತ್ತು.

ಮೂರನೇ ದಿನ ಮಣ್ಣಿನ ಮೇಲೆ ಎಡೆ ಇಟ್ಟೆವು. ಅನ್ನ, ಹೋಳಿಗೆ, ಎಲೆ ಅಡಿಕೆ. ಕಾಗೆ ಬಂದು ಮುಟ್ಟಿದರೆ ಸತ್ತವರಿಗೆ ತೃಪ್ತಿಯಾಯಿತೆಂದು ಲೆಕ್ಕ. ಜಾಲಿ ಮರದ ಮೇಲೆ ನಾಲ್ಕು ಕಾಗೆ ಕೂತಿದ್ದವು. ಒಂದೂ ಇಳಿಯಲೊಲ್ಲದು. ಬಿಸಿಲು ನೆತ್ತಿಗೆ ಬಂತು. ನೊಣ ಮುತ್ತಿದವು.

“ಏನೋ ಆಸಿ ಉಳದದ ಆಕಿಗಿ” ಎಂದ ತಾಯಪ್ಪ ಮಾವ. ಸುತ್ತ ನೋಡಿ ಕೊನೆಗೆ ನನ್ನ ಮುಖವನ್ನೇ ನೋಡಿದ. “ನಿನಗ ಗೊತ್ತದ, ಯಲ್ಲಪ್ಪ. ಹೇಳಲೇ.”

ನಾನು ತಲೆ ತಗ್ಗಿಸಿ ಹೇಳಿದೆ. “ಯವ್ವಾ, ಬನ್ನಿನಂಗಡಿಗಿ ಕರ್ಕೊಂಡು ಹೋಗ್ತೀನಿ. ಒಳಗ ಕುಂದ್ರಿಸಿ ತಿನಸ್ತೀನಿ.”

ಮಾತು ಮುಗಿದಿರಲಿಲ್ಲ... ಒಂದು ಕಾಗೆ ಸೀದಾ ಇಳಿದು ಹೋಳಿಗೆಗೆ ಬಾಯಿ ಹಾಕಿತು. ಹೆಂಗಸರು ಹೋ ಎಂದು ಅತ್ತರು. ಮಾವ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಕರೆದ.

“ಮಾತು ಕೊಟ್ಟೀದಿ ನೋಡು. ಎರಡು ತಟ್ಟಿ ಇಡಸು. ಬಾಯಿ ಬಿಟ್ಟು ಕರಿ. ಮನಸ್ಸಿನ್ಯಾಗ ಕರದ್ರ ನಡಿಯಂಗಿಲ್ಲ. ಸತ್ತವ್ರು ಕರೀದ ಒಳಗ ಬರಂಗಿಲ್ಲ.”

ರಾಯಚೂರಿನ ಅಂಗಡಿ ನನ್ನ ಕೋಣೆಯಿಂದ ಹತ್ತು ನಿಮಿಷದ ನಡಿಗೆ. ಆದರೆ ಅಲ್ಲಿ ಕಚೇರಿಯವರು. ದೇವದುರ್ಗದ್ದು ಸಂಜೆಗೇ ಬಾಗಿಲು ಹಾಕುತ್ತಿತ್ತು. ಮಾನ್ವಿಯಲ್ಲಿ ನನ್ನ ಗುರುತು ಹಿಡಿಯುವವರಿಲ್ಲ ಅಂದುಕೊಂಡೆ. ಐದನೇ ದಿನ ಕಚೇರಿ ಬಿಟ್ಟವನೇ, ಮನೆ ಬಾಗಿಲ ಅಂಗಡಿ ಬಿಟ್ಟು, ಒಂದು ಬನ್ನಿಗಾಗಿ ಮಾನ್ವಿಯ ಬಸ್ಸು ಹತ್ತಿದೆ. ಸತ್ತ ಮೇಲೂ ಅವ್ವನನ್ನು ಬಚ್ಚಿಟ್ಟುಕೊಂಡೇ ಒಯ್ದೆ ನೋಡಿ.

ಬಸ್ಸು ಕಿಕ್ಕಿರಿದಿತ್ತು. ನಾನು ಕಿಟಕಿಯ ಪಕ್ಕ ಕೂತಿದ್ದೆ. ನನ್ನ ಮಗ್ಗುಲಿನ ಸೀಟು ಖಾಲಿ. ಜನ ನಿಂತಿದ್ದರು, ಜೋಲಿ ಹೊಡೆಯುತ್ತಿದ್ದರು, ಆದರೆ ಯಾರೂ ಅಲ್ಲಿ ಕೂಡಲಿಲ್ಲ. ಕಲ್ಲೂರು ದಾಟಿದ ಮೇಲೆ ಗೋಣಿಚೀಲ ಹೊತ್ತವನೊಬ್ಬ ಹತ್ತಿದ. ಸೀಟಿನ ತನಕ ಬಂದ. ಅವನ ಹಿಂದಿದ್ದ ಹೆಂಗಸು, “ಅಲ್ಲಿ ಜಾಗ ಅದಲ್ಲ, ಕುಂದ್ರು” ಎಂದಳು.

ಅವನು ಬಗ್ಗಿ ನೋಡಿದ.

“ಏ... ಮುದುಕಿ ಕುಂತಾಳ ಬಿಡು” ಎಂದು ಹಿಂದಕ್ಕೆ ಸರಿದ.

ನಾನು ತಿರುಗಿ ನೋಡಲಿಲ್ಲ. ಯಾಕೆಂದು ಕೇಳಬೇಡಿ. ಕುತ್ತಿಗೆ ತಿರುಗಲಿಲ್ಲ. ತೌಡಿನ ವಾಸನೆ ಬರುತ್ತಿತ್ತು. ಬಸ್ಸಿನ ಮೇಲೆ ಯಾರೋ ತೌಡಿನ ಚೀಲ ಹೇರಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಹೊರಗೆ ಕತ್ತಲಲ್ಲಿ ಜಾಲಿ ಗಿಡಗಳು ಹಿಂದಕ್ಕೆ ಓಡುತ್ತಿದ್ದವು. ಮಾನ್ವಿಯ ದೀಪಗಳು ಕಾಣುವ ಹೊತ್ತಿಗೆ ನನ್ನ ಕಿವಿಯ ಹತ್ತಿರವೇ ಕೆಮ್ಮು ಕೇಳಿಸಿತು. ಎರಡೇ ಸಲ...

ಇಳಿದಾಗ ರಾತ್ರಿ ಎಂಟು ಹೊಡೆದಿತ್ತು. ಆಗಷ್ಟೇ ಊರಲ್ಲಿ ಕರೆಂಟು ಹೋಗಿತ್ತು. ಬಸ್ ಸ್ಟ್ಯಾಂಡಿನೆದುರು ಬನ್ನಿನಂಗಡಿಯಲ್ಲಿ ಒಂದು ಪೆಟ್ರೋಮ್ಯಾಕ್ಸ್ ದೀಪ ಸುಯ್ಯೆಂದು ಉರಿಯುತ್ತಿತ್ತು. ಬಾಗಿಲ ಬದಿಯಲ್ಲಿ ಕೂಡಲು ಒಂದು ಹಾಸುಗಲ್ಲು. ಒಳಗೆ ನಾಲ್ಕು ಮೇಜು, ಕಾದ ಎಣ್ಣೆಯ ಘಾಟು. ಕಾವಲಿಯ ಮುಂದೆ ನಿಂತಿದ್ದವನ ಹೆಸರು ಶರಣಪ್ಪ ಎಂದು ಗಿರಾಕಿಗಳು ಕರೆಯುವುದರಿಂದ ತಿಳಿಯಿತು. ನಡುವಯಸ್ಸಿನ, ಹಣೆ ತುಂಬ ವಿಭೂತಿ ಹಚ್ಚಿದ ಮನುಷ್ಯ.

“ಎರಡು ಬನ್ನು ಕೊಡ್ರಿ. ಎರಡು ತಟ್ಟ್ಯಾಗ” ಎಂದೆ.

“ಇನ್ನೊಬ್ರು ಬರೋರದಾರೇನ್ರಿ?”

“ಹೂಂ.”

ಮೂಲೆಯ ಮೇಜಿಗೆ ಕೂತೆ. ಶರಣಪ್ಪ ಒಂದು ತಟ್ಟೆ ನನ್ನ ಮುಂದೆ, ಇನ್ನೊಂದು ಎದುರಿಗೆ ಇಟ್ಟು ಹೋದ. ಎದುರಿನ ಬೆಂಚು ಖಾಲಿ. ಈಗ ಕರೆಯಬೇಕು. ಪಕ್ಕದ ಮೇಜಿನಲ್ಲಿ ನಾಲ್ವರು ಕೂತಿದ್ದರು. ಇವರ ಮುಂದೆ ಖಾಲಿ ಬೆಂಚಿಗೆ ಯವ್ವಾ ಬಾ ಎಂದರೆ ಹುಚ್ಚನೆನ್ನುವುದಿಲ್ಲವೇ? ಇವರು ಎದ್ದುಹೋಗಲಿ, ಆಮೇಲೆ ಕರೆಯೋಣ ಎಂದು ಕಾದೆ. ಬನ್ನಿನಿಂದ ಹಬೆ ಏಳುತ್ತಿತ್ತು...

“ಓಹೋ, ಯಲ್ಲಪ್ಪನವರ! ನೀವಿಲ್ಲೆಂಗ?”

ನಮ್ಮ ಇಲಾಖೆಯ ಮಾನ್ವಿ ಕಚೇರಿಯ ರುದ್ರಗೌಡರು. ತಿಂಗಳಿಗೊಮ್ಮೆ ಕಾಗದ ತೆಗೆದುಕೊಂಡು ರಾಯಚೂರಿಗೆ ಬರುತ್ತಿದ್ದವರು. ಮಾತಿನ ಮನುಷ್ಯ, ಒಳ್ಳೆಯವರೇ. ಸೀದಾ ಬಂದು ಎದುರಿನ ಬೆಂಚಿನ ಮೇಲೆ ಕೂತೇಬಿಟ್ಟರು.

“ಯಾರಿಗಿ ಹೇಳೀರಿ ಇದು?” ಎಂದು ಎರಡನೇ ತಟ್ಟೆ ನೋಡಿದರು.

ನನ್ನವ್ವನಿಗೆ ಎನ್ನಬಹುದಿತ್ತು.

“ಯಾರಿಗೂ ಇಲ್ರಿ. ತಿನ್ರಿ” ಎಂದೆ.

ಅವರು ತಿಂದರು. ನನ್ನ ಕಣ್ಣ ಮುಂದೆಯೇ, ಚಪ್ಪರಿಸಿ, ಬೆರಳು ನೆಕ್ಕಿ ತಿಂದರು. ನಾನೂ ತಿಂದೆ. ರುಚಿ ಗೊತ್ತಾಗಲಿಲ್ಲ. ಅವರು ಬಡ್ತಿ, ವರ್ಗಾವಣೆ ಏನೇನೋ ಹೇಳುತ್ತಿದ್ದರು. ನಾನು ಹೂಂಗುಡುತ್ತಿದ್ದೆ. ಬಾಗಿಲಿಗೆ ನನ್ನ ಬೆನ್ನಿತ್ತು. ಆ ಬೆನ್ನು ಮಾತ್ರ ತಣ್ಣಗಾಗುತ್ತಾ ಬಂತು.

ಅಷ್ಟರಲ್ಲಿ ಶರಣಪ್ಪ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದ.

“ಸಾಹೇಬ್ರ, ಹೊರಗ ಕಲ್ಲಿನ ಮ್ಯಾಲ ಒಬ್ಬಾಕಿ ಮುದುಕಿ ಕುಂತಾಳ್ರಿ. ನೀವು ಬಂದಾಗಿಂದ ನಿಮ್ಮನ್ನ ನೋಡಾಕತ್ತಾಳ. ನಿಮ್ಮವ್ರೇನ್ರಿ?”

ರುದ್ರಗೌಡರು ಮಾತು ನಿಲ್ಲಿಸಿ ನನ್ನ ಮುಖ ನೋಡಿದರು.

“ಅಲ್ಲ” ಎಂದೆ.

ಅಷ್ಟು ಬೇಗ ಬಾಯಿಗೆ ಬಂತು ಆ ಮಾತು. ಯೋಚನೆ ಮಾಡಲೂ ಇಲ್ಲ. ಹಿಂದೊಮ್ಮೆ ಅವ್ವ ಬುತ್ತಿ ತೆಗೆದುಕೊಂಡು ಕಚೇರಿ ಗೇಟಿಗೆ ಬಂದಾಗಲೂ, ಯಾರ್ರೀ ಈಕಿ ಎಂದವರಿಗೆ ನಮ್ಮೂರಿನಾಕಿ ಎಂದಿದ್ದೆ. ಅವಳು ಕೇಳಿಸಿಕೊಂಡಿದ್ದಳು. ಬುತ್ತಿ ಕಟ್ಟೆಯ ಮೇಲಿಟ್ಟು ಹೋಗಿದ್ದಳು.

ಶರಣಪ್ಪ ತಲೆಯಾಡಿಸಿ ಹೋದ. ಕಾವಲಿಯ ಮೇಲೆ ಬನ್ನು ಚರ್ ಎಂದಿತು. ರುದ್ರಗೌಡರು ಚಹಾ ಹೇಳಿದರು, ಕುಡಿದರು, ಇನ್ನೊಂದಿಷ್ಟು ಮಾತಾಡಿದರು. ಆಮೇಲೆ ಕೈಮುಗಿದು ಹೊರಟರು. ಅವರು ಹೊರಟ ಮೇಲೆ ಎದ್ದೆ ನಾನು. ಹೊರಗೆ ಬಂದೆ.

ಕಲ್ಲು ಖಾಲಿ. ಅದರ ಮೇಲೊಂದು ಕಾಗದ, ಕಾಗದದ ಮೇಲೆ ಬನ್ನು. ಮುಟ್ಟದೇ ಇಟ್ಟಿದ್ದ ಬನ್ನು.

“ಎಲ್ಲಿ ಹೋದ್ಲು?” ನಾನು ಒಳಕ್ಕೆ ಕೂಗಿದೆ.

ಶರಣಪ್ಪ ಕೈ ಒರೆಸುತ್ತಾ ಬಾಗಿಲಿಗೆ ಬಂದ. “ಈಗ ಎದ್ದು ಹೋದ್ಲಲ್ರಿ. ಪಾಪ ಅನ್ನಿಸಿ ನಾನ ಒಂದು ಬನ್ನು ಕೊಟ್ಟೆ. ಒಳಗ ಬಾ ಬೇ ಅಂದೆ, ಬರಲಿಲ್ಲ.”

“ಹೆಂಗಿದ್ಲು?”

“ಮಾರಿ ಕಾಣಲಿಲ್ರಿ, ಸೆರಗು ಮುಂದ ಎಳಕೊಂಡಿದ್ಲು. ಹಸರು ಸೀರಿ. ಹೊಸಾದ, ಮಡಿಕಿ ಗೆರಿ ಸೈತ ಹೋಗಿದ್ದಿಲ್ಲ. ಉಟ್ಟಂಗೂ ಇದ್ದಿಲ್ಲ ನೋಡ್ರಿ... ಮ್ಯಾಲ ಹೊದಿಸಿದಂಗಿತ್ತು.”

ಮಣ್ಣಿಗಿಡುವ ದಿನ ನಾನು ರಾಯಚೂರಿನಿಂದ ತಂದಿದ್ದು ಹಸಿರು ಸೀರೆ. ಉಡಿಸಲು ಹೊತ್ತಿರಲಿಲ್ಲ. ಮಡಿಕೆ ಬಿಚ್ಚಿ ಹಾಗೇ ಮೇಲೆ ಹೊದಿಸಿದ್ದೆವು.

ಶರಣಪ್ಪ ಇನ್ನೂ ಹೇಳುತ್ತಿದ್ದ. “ಒಂದ ಮಾತು ಕೇಳಿದ್ಲುರಿ. ಆ ಸಾಹೇಬ್ರು ಹೊಟ್ಟಿ ತುಂಬ ತಿಂದ್ರೇನು ಅಂತ. ಹೂಂ ಬೇ, ತಿಂದ್ರು ಅಂದೆ. ಹಂಗಾದ್ರ ಆತು ಬಿಡಪ್ಪ ಅಂದು ಎದ್ಲು.”

ನಾನು ರಸ್ತೆಗೆ ಇಳಿದೆ. ಯವ್ವಾ ಎಂದು ಕೂಗಿದೆ. ಬಾಯಿ ಬಿಟ್ಟು, ಗಂಟಲು ಹರಿಯುವ ಹಾಗೆ. ಬಸ್ಸು ಕಾಯುತ್ತಿದ್ದವರು ತಿರುಗಿ ನೋಡಿದರು. ಸ್ವಲ್ಪ ದೂರ ಹೋಗಿದ್ದ ರುದ್ರಗೌಡರೂ ನಿಂತು ನೋಡಿದರು. ನೋಡಲಿ ಬಿಡಿ. ತಿಮ್ಮವ್ವಾ, ನಾನು ನಿನ್ನ ಮಗ ಬೇ, ಬಾ, ಒಳಗ ಬಾ ಎಂದು ಕತ್ತಲಿಗೆ ಕೂಗುತ್ತಾ ಸಿಂಧನೂರು ರಸ್ತೆಯ ಕೊನೆಯ ಮನೆಯ ತನಕ ಹೋದೆ. ನಾಯಿಗಳು ಬೊಗಳಿದವು. ಬೇರೆ ಏನೂ ಇಲ್ಲ.

ಅವಳು ಯಾರೋ ಊರಿಲ್ಲದ ಮುದುಕಿಯಾಗಿದ್ದರೆ, ನಾನು ತಿಂದೆನೋ ಬಿಟ್ಟೆನೋ ಅವಳಿಗೇನು? ನನ್ನವ್ವನೇ ಆಗಿದ್ದರೆ... ಅದನ್ನು ಪೂರ್ತಿ ಯೋಚಿಸಲು ಇವತ್ತಿಗೂ ನನಗೆ ಧೈರ್ಯವಿಲ್ಲ. ಅವಳು ನನ್ನನ್ನು ಮಗ ಎನ್ನಲಿಲ್ಲ. ಸಾಹೇಬ್ರು ಎಂದಳು. ಪರಊರಿನಲ್ಲಿ, ಸತ್ತು ಐದು ದಿನವಾದ ಮೇಲೂ, ನನ್ನ ಮರ್ಯಾದೆ ಕಾಯ್ದು ಹೋದಳು.