ಗಣಿತದ ಪುಟದಲ್ಲಿ ಹದಿಮೂರು ಕೋಡುಬಳೆ

ಮಕ್ಕಳೇ, ಅಜ್ಜಿಯನ್ನು ಇಂಟರ್ನೆಟ್ಟಿನಿಂದ ಹೊರಗೆ ಹಾಕಲು ಹೊರಟಿದ್ದರಂತೆ ಎಂದು ನೀವು ಹಬ್ಬದ ದಿನ ನಕ್ಕಿದ್ದು ನನ್ನ ಕಿವಿಗೂ ಬಿತ್ತು. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಮಾತ್ರ. ಒಂಟಿಕೊಪ್ಪಲಿನ ನಮ್ಮ ಪಕ್ಕದ ಮನೆಯ ಟೀಚರ್ ನಿಮಗೆ ಗೊತ್ತಲ್ಲ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಕ್ರಿಸ್‌ಮಸ್ಸಿಗೆ ನಿಮಗೆಲ್ಲ ಕಲ್‌ಕಲ್ ಎಂಬ ಸಿಹಿ ಕರಿದು ಕಳಿಸುವವರು. ಅವರೂ ಇನ್ನು ಕೆಲವರೂ ಸೇರಿ ಕನ್ನಡದಲ್ಲಿ ಗಣಿತದ ವಿಶ್ವಕೋಶವೊಂದನ್ನು ಇಂಟರ್ನೆಟ್ಟಿನಲ್ಲಿ ಕಟ್ಟುತ್ತಿದ್ದಾರೆ. ಯಾರು ಬೇಕಾದರೂ ಪುಟ ಬರೆಯಬಹುದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು. ನಿಮ್ಮ ತಾತ ಹೋದ ಮೇಲೆ ನನ್ನ ಮಧ್ಯಾಹ್ನಗಳು ಬಹಳ ಉದ್ದವಾಗಿಬಿಟ್ಟಿದ್ದವು. ಅದನ್ನು ಕಂಡೇ ಇರಬೇಕು, ಟೀಚರ್ ಒಂದು ದಿನ ನನಗೆಂದೇ ತಮ್ಮ ಹಳೇ ಲ್ಯಾಪ್‌ಟಾಪ್ ಎತ್ತಿಕೊಂಡು ಸೀದಾ ನಮ್ಮ ಅಡುಗೆಮನೆಗೆ ಬಂದರು.

"ಪುಟಗಳೆಲ್ಲ ಚೆಲ್ಲಾಪಿಲ್ಲಿ ಬಿದ್ದಿವೆ ಕಣ್ರೀ. ಯಾವುದು ಯಾವ ವಿಭಾಗಕ್ಕೆ ಅಂತ ಜೋಡಿಸೋರೇ ಇಲ್ಲ. ನಿಮ್ಮ ಶೆಲ್ಫ್ ನೋಡಿದ್ರೇ ಗೊತ್ತಾಗುತ್ತೆ, ನಿಮಗೆ ಆ ಕೈ ಇದೆ."

"ನಂಗೆಲ್ಲಿ ಗಣಿತ ಬರುತ್ತೆ, ಬುಡಿ ಟೀಚರ್."

"ಬೇಳೆ ಡಬ್ಬ ಜೋಡಿಸೋಕೆ ಬೇಳೆ ಬೆಳೆಯೋಕೆ ಬರಬೇಕಾ?"

ಕೈ ಒರೆಸಿಕೊಂಡು ಅವರ ಪಕ್ಕ ಕೂತೆ. ಸದಸ್ಯರಾಗಲು ಒಂದು ಹೆಸರು ಬೇಕಂತೆ. ನನ್ನ ಹೆಸರು ಲೋಕಕ್ಕೆಲ್ಲ ಕಾಣುವುದು ಬೇಡವೆಂದೆ. ಟೀಚರ್ ಶೆಲ್ಫಿನತ್ತ ಒಮ್ಮೆ ನೋಡಿ 'ಸಾಸಿವೆ ಡಬ್ಬ' ಎಂದು ಒತ್ತಿಬಿಟ್ಟರು. ಇವತ್ತಿಗೂ ಅಲ್ಲಿ ನನ್ನ ಹೆಸರು ಅದೇ.

ಕೆಲಸ ಬೇಗ ಕೈಗೆ ಹತ್ತಿತು. ಪುಟದಲ್ಲಿ ಚಿತ್ರವಿದ್ದರೆ ರೇಖಾಗಣಿತ. ಅಕ್ಷರವೂ ಅಂಕಿಯೂ ಜಗಳವಾಡುತ್ತಿದ್ದರೆ ಬೀಜಗಣಿತ. ಏನೂ ಅರ್ಥವಾಗದಿದ್ದರೆ ಗೋಡೆಯಾಚೆ ಟೀಚರನ್ನು ಕೂಗುವುದು. ಊಟವಾದ ಮೇಲೆ ಕೂತರೆ ಕಾಫಿಯ ಹೊತ್ತಾದದ್ದೇ ತಿಳಿಯುತ್ತಿರಲಿಲ್ಲ.

ಆಮೇಲೆ ಟೀಚರ್ ಒತ್ತಾಯಕ್ಕೆ ನಾನೇ ಒಂದು ಪುಟ ಬರೆದೆ, ಮುಕ್ಕಾಲು ಮಗ್ಗಿಯ ಮೇಲೆ. ಒಂದು ಮುಕ್ಕಾಲು ಮುಕ್ಕಾಲು, ಎರಡು ಮುಕ್ಕಾಲು ಒಂದೂವರೆ, ಮೂರು ಮುಕ್ಕಾಲು ಎರಡೂಕಾಲು, ನಾಲ್ಕು ಮುಕ್ಕಾಲು ಮೂರು. ಬೆತ್ತದ ಭಯದಲ್ಲಿ ಕಲಿತದ್ದು, ಮರೆಯುವುದುಂಟೇ? ಮಾರನೆಯ ದಿನ ನೋಡುತ್ತೇನೆ, ಯಾರೋ ಗುರುತಿಲ್ಲದವರು ಬಂದು ನನ್ನ ತಪ್ಪುಗಳನ್ನು ತಿದ್ದಿ ಹೋಗಿದ್ದಾರೆ. ಇನ್ನೊಬ್ಬರು ಅಂದವಾದ ಪಟ್ಟಿ ಮಾಡಿಕೊಟ್ಟಿದ್ದಾರೆ. ವಾರ ಕಳೆಯುವಷ್ಟರಲ್ಲಿ ಹೀಗೆ ಹನ್ನೊಂದು ಜನ ಕೈಯಾಡಿಸಿದ್ದರು.

ನನಗೆ ಕಸಿವಿಸಿ ಶುರುವಾಯಿತು. ನಮ್ಮಮ್ಮ ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಎಂದೂ ಖಾಲಿ ಹಿಂದಿರುಗಿಸಿದವಳಲ್ಲ. ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿಯೇ ಕೊಡುತ್ತಿದ್ದಳು. ಇವರು ಇಷ್ಟು ಮಾಡಿರುವಾಗ ನಾನು ಸುಮ್ಮನಿರುವುದು ಹೇಗೆ? ಯಾರು ತಿದ್ದಿದರೆಂದು ಪುಟದಲ್ಲೇ ಬರೆದಿರುತ್ತದೆ. ಅವರು ಬರೆದ ಪುಟವನ್ನು ಹುಡುಕಿಕೊಂಡು ಹೋಗಿ, ಕೊನೆಯಲ್ಲಿ ನನ್ನ ಕೈಲಾದ ಒಂದು ಸಾಲು ಸೇರಿಸಿ ಬಂದೆ.

ವೃತ್ತದ ಪುಟದಲ್ಲಿ ಹೀಗೆ ಬರೆದಿದ್ದೆ: "ರೊಟ್ಟಿಯ ನಡುವಿನಿಂದ ಅಂಚಿಗೆ ಎಲ್ಲ ಕಡೆಯೂ ಒಂದೇ ದೂರವಿದ್ದರೆ ಅದು ವೃತ್ತ. ಇಲ್ಲದಿದ್ದರೆ ಅದು ಹೊಸ ಸೊಸೆಯ ರೊಟ್ಟಿ." ಅವಿಭಾಜ್ಯ ಸಂಖ್ಯೆಯ ಪುಟದಲ್ಲಿ: "ಹದಿಮೂರು ಕೋಡುಬಳೆಗಳನ್ನು ಮಕ್ಕಳಿಗೆ ಸಮನಾಗಿ ಹಂಚಲು ಹೋಗಬಾರದು, ಜಗಳವಾಗುತ್ತದೆ." ಅನಂತದ ಪುಟದಲ್ಲಿ ಬೀಗರ ದೂರುಗಳ ಉದಾಹರಣೆ ಕೊಟ್ಟಿದ್ದೆ. ಹೀಗೆ ಒಟ್ಟು ಹನ್ನೊಂದು ಮನೆಗೆ ಪಾತ್ರೆ ತುಂಬಿಸಿ ಕಳಿಸಿದ ನೆಮ್ಮದಿಯಲ್ಲಿದ್ದೆ.

ಒಂದು ಸೋಮವಾರ ಮೇಲ್ವಿಚಾರಕರ ಸೂಚನೆ ಎಲ್ಲರಿಗೂ ಕಾಣುವ ಚರ್ಚೆಯ ಪುಟದಲ್ಲಿ ಬಿತ್ತು: "ಸಾಸಿವೆ ಡಬ್ಬ ಎಂಬ ಸದಸ್ಯರು ಹನ್ನೊಂದು ಪುಟಗಳನ್ನು ಕೆಡಿಸಿದ್ದಾರೆ. ತಮ್ಮನ್ನು ತಿದ್ದಿದವರ ಪುಟಗಳನ್ನೇ ಹುಡುಕಿ ಹೋಗಿರುವುದರಿಂದ ಇದು ಸೇಡಿನಂತೆ ಕಾಣುತ್ತದೆ. ಭಾನುವಾರದೊಳಗೆ ಉತ್ತರ ಬಾರದಿದ್ದರೆ ಇವರ ಖಾತೆ ಮುಚ್ಚಲಾಗುವುದು."

ಸೇಡೆ? ನಾನೇ? ಗೋಡೆಯಾಚೆ ಕೂಗಿದೆ. ಟೀಚರ್ ಬಂದು ಓದಿ, ಕೆಳಗಿದ್ದ ಮೇಲ್ವಿಚಾರಕರ ಹೆಸರು ನೋಡಿ, ಕನ್ನಡಕ ತೆಗೆದು, ಕಣ್ಣೀರು ಬರುವಷ್ಟು ನಕ್ಕರು.

"ಇವನಾ! ಹೆಬ್ಬಾಳದ ಫ್ಯಾಕ್ಟರೀಲಿ ಇದಾನೆ. ನನ್ನ ಕ್ಲಾಸಲ್ಲಿ ದಿನಾ ಬೆಂಚಿನ ಮೇಲೆ ನಿಲ್ತಿದ್ದ. ಈಗ ಮೊಮ್ಮಕ್ಕಳನ್ನ ಕಾಣೋ ವಯಸ್ಸು, ಇನ್ನೂ ಬುದ್ಧಿ ಬಂದಿಲ್ಲ. ಒಂದು ಫೋನ್ ಹಾಕ್ತೀನಿ ಇರಿ."

"ಬ್ಯಾಡಿ ಟೀಚರ್. ಶಿಫಾರಸು ಮಾಡಿಸ್ಕೊಂಡು ಉಳ್ಕಂಡ್ಲು ಅನ್ನಿಸ್ಕೊಳಲ್ಲ ನಾನು."

"ಹಾಗಾದ್ರೆ ನೀವೇ ಬರೀರಿ. ಬರೀದೆ ಇದ್ರೆ ಭಾನುವಾರದಿಂದ ಮಧ್ಯಾಹ್ನ ಮತ್ತೆ ಸೀರಿಯಲ್ ನೋಡ್ಕೊಂಡು ಕೂತ್ಕೊಬೇಕಾಗುತ್ತೆ, ಅಷ್ಟೇ."

ನಾಲ್ಕು ಜನರ ಮುಂದೆ ನಿಂತು ಒಂದು ಮಾತೂ ಆಡದವಳು ನಾನು. ನಿಮ್ಮ ತಾತ ಇದ್ದಾಗ ಗ್ಯಾಸಿನವನ ಹತ್ತಿರವೂ ಅವರೇ ಮಾತಾಡುತ್ತಿದ್ದರು. ಮಂಗಳವಾರ ಎರಡು ಸಾಲು ಬರೆದು ಅಳಿಸಿದೆ. ಬುಧವಾರವೂ ಅಳಿಸಿದೆ. ಆದರೆ ಆ ಮಧ್ಯಾಹ್ನಗಳನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಶನಿವಾರ ದೇವರಿಗೆ ದೀಪ ಹಚ್ಚಿ ಬಂದು ಒಂದೇ ಬೆರಳಿನಲ್ಲಿ ಒತ್ತಿದೆ:

"ಸ್ವಾಮಿ, ಇದು ಸೇಡಲ್ಲ. ನಮ್ಮಲ್ಲಿ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ನನ್ನ ಪುಟವನ್ನು ತಿದ್ದಿ ಉಪಕಾರ ಮಾಡಿದವರಿಗೆ ಒಂದೊಂದು ಸಾಲು ಕೊಟ್ಟೆ. ಅದು ತಪ್ಪಾಗಿದ್ದರೆ ತೆಗೆದುಹಾಕಿ. ಜೋಡಿಸುವ ಕೆಲಸವನ್ನು ಮಾತ್ರ ನನ್ನಿಂದ ಬಿಡಿಸಬೇಡಿ."

ಒತ್ತಿದವಳೇ ಲ್ಯಾಪ್‌ಟಾಪ್ ಮುಚ್ಚಿ, ಅದರ ಮೇಲೆ ಟವೆಲ್ ಹೊದಿಸಿ, ಹಿತ್ತಿಲಿಗೆ ಹೋಗಿ ಕೂತುಬಿಟ್ಟೆ.

ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ನೇರವಾಗಿ ಬಂದ ಟೀಚರ್ ಟವೆಲ್ ತೆಗೆದು ಉತ್ತರ ಓದಿದರು: "ಹನ್ನೊಂದು ಸಾಲುಗಳನ್ನೂ ತೆಗೆದಿದ್ದೇನೆ. ವಿಶ್ವಕೋಶದ ಪುಟ ಯಾರ ಮನೆಯ ಪಾತ್ರೆಯೂ ಅಲ್ಲ, ಎಲ್ಲರದು. ಇನ್ನು ಮುಂದೆ ದಯವಿಟ್ಟು ಖಾಲಿಯೇ ಹಿಂದಿರುಗಿಸಿ. ಖಾತೆ ಮುಚ್ಚುವುದಿಲ್ಲ. ಕೋಡುಬಳೆಯ ಸಾಲು ತೆಗೆಯುವಾಗ ಮಾತ್ರ ಬೇಜಾರಾಯಿತು."

ಅಷ್ಟಕ್ಕೇ ಮುಗಿಯಿತೆಂದುಕೊಂಡರೆ, ಆ ಮನುಷ್ಯ ನನ್ನ ಮುಕ್ಕಾಲು ಮಗ್ಗಿಯ ಪುಟವನ್ನೂ ತಿದ್ದಿ ಹೋಗಿದ್ದರು! ಈಗ ನಾನು ಏನು ಮಾಡಬೇಕು? ಸಾಲು ಹಾಕುವಂತಿಲ್ಲ, ಸುಮ್ಮನಿರಲು ಆಗುವುದಿಲ್ಲ. ಮಾರನೆಯ ದಿನ ಅಕ್ಕಿಹಿಟ್ಟು ಕಲಸಿದೆ. ಸಾಸಿವೆ ಡಬ್ಬ ಬರಿದು ಮಾಡಿ, ತೊಳೆದು ಒಣಗಿಸಿ, ಕೋಡುಬಳೆ ತುಂಬಿಸಿ ಟೀಚರ್ ಕೈಗೆ ಕೊಟ್ಟೆ. ಅವರು ಎಣಿಸಿದರು.

"ಹದಿಮೂರೇ ಯಾಕ್ರೀ?"

"ಹಂಚ್ಕೊಳಾಕಾಗ್ದೆ ಅವರ ಮನೇಲೂ ಒಂಚೂರು ಜಗಳ ಆಗ್ಲಿ ಅಂತ."

ಟೀಚರ್ ಅದನ್ನು ಬಸ್‌ಸ್ಟಾಪಿನಲ್ಲಿ, ಶಿಫ್ಟ್ ಮುಗಿಸಿ ಬರುತ್ತಿದ್ದ ಶಿಷ್ಯನಿಗೆ ಒಪ್ಪಿಸಿ ಬಂದರು. ನಾಲ್ಕು ದಿನದ ಮೇಲೆ ಡಬ್ಬ ವಾಪಸಾಯಿತು. ಮುಚ್ಚಳ ತೆಗೆದರೆ ಒಳಗೆ ಮಡಿಚಿದ ಒಂದು ಕಾಗದ, ಅದರಲ್ಲಿ ವಿಭಾಗವಿಲ್ಲದ ನಲವತ್ತು ಪುಟಗಳ ಹೆಸರು. ಮೇಲೆ ಬರೆದಿತ್ತು: "ಇವನ್ನು ಜೋಡಿಸಿಕೊಡಿ."

ಪಟ್ಟಿಯ ಮೊದಲ ಹೆಸರು 'ಶೂನ್ಯ ಗಣ'. ಒಳಗೆ ಏನೇನೂ ಇಲ್ಲದ ಗುಂಪಂತೆ. ಪುಟ ತೆರೆದು ನೋಡಿದೆ. ಒಂದು ಚಿಟಿಕೆ ಏನನ್ನಾದರೂ ಹಾಕೋಣವೆಂದು ಕೈ ಬಹಳ ತುರಿಸಿತು. ಹಾಕಲಿಲ್ಲ.