ಮೂಗಿನ ದಾರಿಯ ಮದ್ದು

ಮಂಗಳೂರಿನ ಬೋಳಾರದಲ್ಲಿ ನಾನು ಬಾಡಿಗೆಗಿರುವ ಮನೆಯ ಯಜಮಾನಿ ಗಲ್ಫ್‌ನಲ್ಲಿ ಬಹಳ ವರ್ಷ ನರ್ಸ್ ಆಗಿದ್ದವರು. ನಾನು ಅವರನ್ನು ಆಂಟಿ ಎನ್ನುತ್ತೇನೆ. ನಾನು ಅಲ್ಲಿಗೆ ಬರುವಾಗಲೇ ಅವರಿಗೆ ಮರೆವಿನ ಕಾಯಿಲೆ ಆಲ್‌ಝೈಮರ್ಸ್ ಶುರುವಾಗಿತ್ತು. ಫಾರ್ಮಸಿ ಕಾಲೇಜಿನ ಲ್ಯಾಬ್‌ನಿಂದ ಬಂದು ಚಪ್ಪಲಿ ಬಿಚ್ಚುವಾಗ ಪ್ರತಿ ಸಂಜೆ ಅದೇ ಪ್ರಶ್ನೆ: "ನೀನು ಅಲ್ಲಿ ಎಂತ ಮಾಡುವುದು?"

ನನ್ನ ಸಂಶೋಧನೆ ಅವರ ಕಾಯಿಲೆಯ ಮೇಲೆಯೇ. ಮೊದಮೊದಲು ಹೇಳಲು ಹಿಂಜರಿದೆ. ಅವರ ಮಗಳೇ, "ಹೇಳಿ, ಅಮ್ಮನಿಗೆ ತನ್ನ ಕಾಯಿಲೆ ಗೊತ್ತುಂಟು" ಎಂದರು. ಆಮೇಲೆ ದಿನಾ ಹೇಳಿದೆ: ರಕ್ತದಲ್ಲಿರುವ ಮದ್ದನ್ನು ಮಿದುಳು ಸುಲಭವಾಗಿ ಒಳಗೆ ಬಿಡುವುದಿಲ್ಲ. ಅದಕ್ಕೆ ಮದ್ದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಕಣಗಳಲ್ಲಿ ತುಂಬಿಸಿ, ಮೂಗಿನ ಮೇಲ್ಭಾಗದ ನರಗಳ ದಾರಿಯಿಂದ ನೇರ ಮಿದುಳಿಗೆ ಕಳಿಸುವುದು.

ಆ ದಿನಗಳಲ್ಲಿ ನನ್ನ ಕೆಲಸ ಮುಂದೆ ಸಾಗದೆ ನಿಂತುಹೋಗಿತ್ತು. ಕಣಗಳೇನೋ ಚೆನ್ನಾಗಿಯೇ ಆಗುತ್ತಿದ್ದವು. ಇಲಿಗಳ ಮಿದುಳಿಗೆ ಮಾತ್ರ ಮದ್ದು ಸಾಕಷ್ಟು ಸೇರುತ್ತಿರಲಿಲ್ಲ. ಕಣದ ಅಳತೆಯದೇ ತಪ್ಪೆಂದುಕೊಂಡು ಮತ್ತೆ ಮತ್ತೆ ಮಾಡಿದೆ. ಒಂದು ಸಂಜೆ ಬಸಳೆ ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದ ಆಂಟಿ ಥಟ್ಟನೆ ವಾರ್ಡಿನ ದನಿಯಲ್ಲಿ, "ಮೂಗಿಗೆ ಹಾಕಿದ್ದು ಗಂಟಲಿಗೆ ಇಳಿಯುತ್ತದಲ್ಲ ಮಾರಾಯ್ತಿ, ಅಲ್ಲಿ ನಿಲ್ಲುವುದು ಹೇಗೆ?" ಎಂದರು.

ಅದನ್ನು ನಾನು ಓದಿದ್ದೆ. ನನ್ನ ಪ್ರಯೋಗಕ್ಕೆ ಹಚ್ಚಿ ನೋಡಿರಲಿಲ್ಲ, ಅಷ್ಟೇ. ಮೂಗಿನ ಬಿಸಿಗೆ ದಪ್ಪಗಾಗಿ ಅಂಟಿಕೊಳ್ಳುವ ಜೆಲ್‌ಗೆ ಕಣಗಳನ್ನು ಬೆರೆಸಿದೆ. ಕೆಲವು ತಿಂಗಳಲ್ಲಿ ಫಲಿತಾಂಶ ಬಂತು: ಇಲಿಗಳ ಮಿದುಳಿನಲ್ಲಿ ಮದ್ದು ಮೊದಲಿಗಿಂತ ಸ್ಪಷ್ಟವಾಗಿ ಹೆಚ್ಚಿತ್ತು.

ಓಡಿ ಬಂದು ಹೇಳಿದೆ. ಆಂಟಿಗೆ ತಾನು ಕೇಳಿದ ಪ್ರಶ್ನೆ ನೆನಪಿರಲಿಲ್ಲ. "ಹಾಗಾದರೆ ನನಗೆ ಕೊಡು" ಎಂದು ಕೈ ಚಾಚಿದರು.

"ಇಲ್ಲ ಆಂಟಿ, ಇದು ಇಲಿಗಳಲ್ಲಿ ಮಾತ್ರ ನೋಡಿದ್ದು. ಮನುಷ್ಯರಿಗೆ ಕೊಡುವ ಮೊದಲು ತುಂಬ ಪರೀಕ್ಷೆ ಉಂಟು. ನಿಮಗೆ ಸಿಗುತ್ತದೆ ಎಂದು ಸುಳ್ಳು ಹೇಳುವುದಿಲ್ಲ."

ಆಂಟಿ ಕೈ ಹಿಂದಕ್ಕೆ ತೆಗೆದುಕೊಂಡು, "ಸರಿಯೇ. ಪರೀಕ್ಷೆ ಆಗದ ಮದ್ದು ನಾನೂ ಯಾರಿಗೂ ಕೊಟ್ಟವಳಲ್ಲ" ಎಂದರು. "ಬೇಗ ಮಾಡು. ಆದರೆ ಸರಿಯಾಗಿ ಮಾಡು."

ಜೆಲ್‌ನಿಂದ ಮೂಗಿನ ಒಳಪದರಕ್ಕೆ ತೊಂದರೆಯಾಗುತ್ತದೆಯೇ ಎಂಬ ಪರೀಕ್ಷೆ ಈಗ ನಡೆಯುತ್ತಿದೆ. ಇದುವರೆಗೆ ಯಾವ ತೊಂದರೆಯೂ ಕಂಡಿಲ್ಲ. ಹೋಗಬೇಕಾದ ದೂರ ಬಹಳವಿದೆ, ಆದರೆ ಹಿಡಿದ ದಾರಿ ಸರಿಯಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆಂಟಿ ಈಗಲೂ ಡಾಕ್ಟರ್ ಬರೆದುಕೊಟ್ಟ ಮಾತ್ರೆಯಲ್ಲೇ ಇದ್ದಾರೆ. ಕೆಲವು ದಿನ ನನ್ನನ್ನು ತನ್ನ ವಾರ್ಡಿಗೆ ಬಂದ ಹೊಸ ನರ್ಸ್ ಎಂದುಕೊಂಡು, "ಕೈ ತೊಳೆದೆಯಾ?" ಎಂದು ಗದರುತ್ತಾರೆ. ನಾನು ಹೋಗಿ ತೊಳೆದು ಬಂದು, ಎರಡೂ ಕೈ ತೋರಿಸುತ್ತೇನೆ.