ಅವ್ವನ ಕೋಣೆಯಲ್ಲಿ ಎದ್ದ ಹುತ್ತ

ಓದುವ ಎಲ್ಲರಿಗೂ ನಮಸ್ಕಾರ. ಸಣ್ಣವನಿದ್ದಾಗ ನಾನು ಓದಿದ್ದು ತಮಿಳು, ಅದನ್ನೂ ಅರ್ಧಕ್ಕೇ ಬಿಟ್ಟೆ. ಕನ್ನಡ ಅಕ್ಷರ ಕಲಿತದ್ದು ಮದುವೆಯಾದ ಮೇಲೆ. ಟೊಮೆಟೊ ಲೋಡು ಏರಿಸಿಕೊಂಡು ಗಡಿಯಾಚೆಯ ಮಾರ್ಕೆಟ್ಟುಗಳಿಗೆ ಹೋಗಿ ಬರುವಾಗ ಅಂಗಡಿ ಬೋರ್ಡುಗಳನ್ನು ಕೂಡಿಸಿ ಕೂಡಿಸಿ ಓದಿ ಕಲಿತೆ. ಈಗ ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ದೀರ್ಘ, ಒತ್ತು ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮದು ತಮಿಳುನಾಡಿನ ಪಾಲಕೋಡಿನಿಂದ ಒಳಗೆ ಹೋಗಬೇಕಾದ ಊರು. ಮನೆಯಲ್ಲಿ ನಾನು, ಹೆಂಡತಿ, ಏಳನೇ ಕ್ಲಾಸಿನ ಮಗಳು, ನನ್ನ ಅವ್ವ, ಮತ್ತೆ ಒಂದು ಕೆಂಚು ನಾಯಿ. ನಾಯಿಗೆ ಯಾರೂ ಹೆಸರಿಟ್ಟಿಲ್ಲ. ಅವ್ವ "ಲೇ" ಅಂದರೆ ಬರುತ್ತದೆ, ನಾವು ಕರೆದರೆ ಯೋಚನೆ ಮಾಡುತ್ತದೆ. ಮನೆಯ ಮುಂದಿನ ಭಾಗಕ್ಕೆ ನಾನು ತಾರಸಿ ಹಾಕಿಸಿದ್ದೇನೆ. ಹಿಂದಿನ ಕೋಣೆ ಮಾತ್ರ ಅಪ್ಪ ಕಟ್ಟಿದ್ದು ಹಾಗೇ ಇತ್ತು. ಮಣ್ಣಿನ ಗೋಡೆ, ನಾಡ ಹೆಂಚು, ನಡುವೆ ಒಂದು ಮಾವಿನ ಮರದ ತೊಲೆ. ಗೋಡೆಗೆ ಅಪ್ಪ ತಂದದ್ದು ಹೊಲದ ಮೂಲೆಯ ಹುತ್ತದ ಮಣ್ಣು. ಕಲ್ಲು ಹರಳು ಇರುವುದಿಲ್ಲ, ಒಣಗಿದರೆ ಕಬ್ಬಿಣ. ನಮ್ಮ ಕಡೆ ಆಗ ಎಲ್ಲರೂ ಅದನ್ನೇ ತರುತ್ತಿದ್ದರು. ಆ ಕೋಣೆಯೇ ಅವ್ವನದು.

ಪೊಂಗಲ್‌ಗೆ ಸುಣ್ಣ ಬಳಿಯೋಣವೆಂದು ಅವ್ವನ ಮಂಚ ಜರುಗಿಸಿದೆವು. ಗೋಡೆಯ ಮೂಲೆಯಲ್ಲಿ ಮುಷ್ಟಿಗಾತ್ರದ ಹಸಿ ಮಣ್ಣು ಎದ್ದಿತ್ತು. ಹೆಂಡತಿ ಸಲಿಕೆ ತಂದಳು. ಅವ್ವ ಓಡಿ ಬಂದು ಅಡ್ಡ ನಿಂತಳು.

"ಕೈ ಇಕ್ಕಬ್ಯಾಡ! ಉತ್ತ ಅದು."

"ಅತ್ತೆ, ಕರೆಯಾನ್ ಅದು. ಗೆದ್ದಲು. ಬುಟ್ರೆ ಮರ ಎಲ್ಲಾ ತಿಂದಾಕ್ತೈತೆ."

"ನಿಂಗೆ ಗೆದ್ದಲು. ನಂಗೆ ಮಾರಮ್ಮ. ನನ್ ಗಂಡ ಅವಳ ಮನೆ ಮಣ್ಣು ತಂದು ತನ್ ಮನೆ ಕಟ್ಟಿದ. ಈಗ ಅವಳು ಬಂದವಳೆ. ಬರಬ್ಯಾಡ ಅನ್ನಕ್ಕೆ ನೀನ್ಯಾರು?"

ಹೆಂಡತಿ ನನ್ನ ಮುಖ ನೋಡಿದಳು. ನಾನು ಸುಣ್ಣದ ಬಕೆಟ್ಟು ನೋಡಿದೆ. ನಮ್ಮಲ್ಲಿ ಮನೆಯೊಳಗೆ ಎದ್ದ ಹುತ್ತವನ್ನು ಅಗೆಯುವುದಿಲ್ಲ. ಹೆಂಡತಿಗೂ ಅದು ಗೊತ್ತು. ಅವಳ ತವರು ಕೊಳತ್ತೂರು ಕಡೆ. ಅಲ್ಲಿ ಒಂದು ಕುಟುಂಬ ಹೀಗೇ ಎದ್ದ ಹುತ್ತಕ್ಕೆ ಮನೆಯನ್ನೇ ಬಿಟ್ಟುಕೊಟ್ಟು ಬೇರೆ ಕಡೆ ಕಟ್ಟಿಕೊಂಡಿತು. ಈಗ ಆ ಮನೆಯೇ ಗುಡಿ, ಗಂಟೆ ಕಟ್ಟಿದ್ದಾರೆ. ಹಾಗಾಗಿ ಸಲಿಕೆ ಕೊಟ್ಟಿಗೆಗೆ ವಾಪಸ್ಸು ಹೋಯಿತು. ಅವ್ವ ಕೈಕಾಲು ತೊಳೆದು ಬಂದು ಅರಿಶಿನ ಕುಂಕುಮ ಇಟ್ಟು, ಲೋಟದಲ್ಲಿ ಹಾಲು ಎರೆದಳು.

ಅಂದಿನಿಂದ ಶುಕ್ರವಾರ ಶುಕ್ರವಾರ ಹಾಲು. ಆಮೇಲೆ ಮಂಗಳವಾರವೂ. ಹಸಿ ತಂಪು ಸಿಕ್ಕಿದ ಮೇಲೆ ಹುತ್ತ ಸುಮ್ಮನಿರುತ್ತದೆಯೇ? ಬಿಸಿಲು ಏರುವ ಹೊತ್ತಿಗೆ ಮೊಣಕಾಲೆತ್ತರ ಬಂದು, ಅಲ್ಲಿಂದ ಬೆರಳಗಲದ ಮಣ್ಣಿನ ಗೆರೆಗಳು ಗೋಡೆ ಹತ್ತಿ ಮೇಲಕ್ಕೆ ಹೋದವು. ಅವ್ವ ಆ ಗೆರೆಗಳನ್ನು ಜಡೆ ಅನ್ನುತ್ತಿದ್ದಳು.

ಸುದ್ದಿ ಹರಡಿತು. ಬೀದಿಯ ಹೆಂಗಸರು ಮೊಟ್ಟೆ, ಹಾಲು ಹಿಡಿದು ಬರತೊಡಗಿದರು. ಒಬ್ಬರು ಕೆಂಪು ಬಟ್ಟೆ ಸುತ್ತಿದರು. ಅಪ್ಪ ಹೋದ ಮೇಲೆ ಅವ್ವ ಊಟಕ್ಕೆ ಕರೆದರೆ ಬರುವುದು, ಟಿವಿ ಹಾಕಿದರೆ ನೋಡುವುದು, ಅಷ್ಟೇ ಆಗಿದ್ದಳು. ಈಗ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಬಂದವರಿಗೆ ಅರಿಶಿನ ಕೊಟ್ಟು, "ಎಲ್ಲಾ ಸರಿಯಾಗ್ತೈತೆ ಓಗವ್ವ" ಅನ್ನುತ್ತಿದ್ದಳು. ಅವಳ ಧ್ವನಿ ಬೀದಿಗೆ ಕೇಳುತ್ತಿತ್ತು. ಅದನ್ನು ನೋಡಿ ನನಗೆ ಸಂತೋಷವೇ ಆಗುತ್ತಿತ್ತು, ಸುಳ್ಳು ಹೇಳುವುದಿಲ್ಲ.

ನಾಯಿಗೆ ಮಾತ್ರ ಸಂತೋಷವಿರಲಿಲ್ಲ. ಮರಿಯಿಂದಲೂ ಅದು ಮಲಗುತ್ತಿದ್ದದ್ದು ಅವ್ವನ ಮಂಚದ ಕೆಳಗೆ. ಈಗ ಹೊಸಲು ದಾಟುತ್ತಿರಲಿಲ್ಲ. ಅಲ್ಲೇ ಕೂತು, ಹುತ್ತವನ್ನಲ್ಲ, ಮೇಲೆ ಹೆಂಚಿನ ಕಡೆ ನೋಡಿಕೊಂಡು ಗುರ್ ಅನ್ನುತ್ತಿತ್ತು.

"ಲೇ, ಬಾರ್ಲಾ ಒಳಗೆ," ಅವ್ವ ಕರೆಯುವಳು. ಬಾಲ ಆಡಿಸುವುದು, ಬರುವುದಿಲ್ಲ.

"ನಾಯಿಗಿರೋ ಭಕ್ತಿ ನಿಮಗಿಲ್ಲ," ಅವ್ವ ನಮಗೆ ಹೇಳುವಳು.

ನನಗೆ ಹಾವಿನ ಭಯ. ಹುತ್ತ ಅಂದ ಮೇಲೆ ಹಾವು ಬರುವುದೇ ಅಲ್ಲವೇ? ಟಾರ್ಚು ಹಿಡಿದು ಮೂಲೆ ಮೂಲೆ ಹುಡುಕಿದೆ. ಮಗಳು ದೂರದಿಂದ, "ಅಪ್ಪಾ, ಪಾಂಬು ಇರುಕ್ಕಾ?" ಅಂದಳು. ಹಾವು ಇರಲಿಲ್ಲ. ಕೊನೆಗೆ ನಾಯಿ ಗುರುಗುಟ್ಟುವ ಕಡೆ ಏನಿದೆಯೋ ಎಂದು, ಅವ್ವನಿಗೆ ಹೆಂಚು ನೋಡಲು ಅಂತ ಹೇಳಿ ನಮ್ಮ ಊರಿನ ಆಸಾರಿಯನ್ನು, ಅಂದರೆ ಬಡಗಿಯನ್ನು, ಕರೆದುಕೊಂಡು ಬಂದೆ. ಅವನು ಏಣಿ ಹತ್ತಿ ಉಳಿಯ ಹಿಡಿಯಿಂದ ತೊಲೆಯನ್ನು ತಟ್ಟಿದ. ಟೊಕ್ ಟೊಕ್ ಅಂತ ಬಂದ ಶಬ್ದ ನಡುವಿಗೆ ಬಂದಾಗ ಸೋರೆ ಬುರುಡೆ ತಟ್ಟಿದ ಹಾಗಾಯಿತು. ಇಳಿದು ಬಂದು ನನ್ನನ್ನು ಹೊರಗೆ ಕರೆದ.

"ಒಳಗೆ ಏನೂ ಇಲ್ಲಣ್ಣ. ಮ್ಯಾಲೆ ತೊಗಟೆ ಒಂದೇ ನಿಂತೈತೆ. ಮಳೆ ಬಂದು ಹೆಂಚು ನೀರು ಕುಡಿದ್ರೆ ಕೆಳಗೇ ಬರ್ತೈತೆ. ಅದ್ರ ಕೆಳಗೆ ಯಾರು ಮಲಗೋದು?"

"ಅವ್ವ."

ಅವನು ನಾಲಿಗೆ ಕಚ್ಚಿಕೊಂಡ.

"ಹಂಗಾದ್ರೆ ಹುತ್ತ ತೆಗೆದು, ಔಷಧಿ ಹಾಕಿ, ಬೇರೆ ತೊಲೆ ಕೂರ್ಸಪ್ಪ," ಅಂದೆ.

"ಅಯ್ಯೋ, ತೊಲೆ ಎಷ್ಟು ಬೇಕಾದ್ರೂ ಕೂರುಸ್ತೀನಿ. ಉತ್ತಕ್ಕೆ ನಾನ್ ಕೈ ಇಕ್ಕಲ್ಲ. ನಂಗೂ ಮಕ್ಕಳವೆ." ಹೋಗುವಾಗ ಒಳಗೆ ಬಂದು ಹುತ್ತಕ್ಕೆ ಕೈಮುಗಿದು ಅವ್ವನ ಕೈಯಿಂದ ಕುಂಕುಮ ತೆಗೆದುಕೊಂಡು ಹೋದ.

ಆ ರಾತ್ರಿಯೇ ಅವ್ವನಿಗೆ ಮುಂದಿನ ತಾರಸಿ ಕೋಣೆಯಲ್ಲಿ ಮಲಗು ಅಂದೆ.

"ಯಾಕ್ಲಾ? ಈ ತೊಲೆ ನೀನು ಉಟ್ಟೋ ಮುಂಚಿಂದ ಐತೆ. ಬೀಳೋದಾದ್ರೆ ನೀನ್ ತೊಟ್ಟಿಲಾಗ ಇದ್ದಾಗಲೇ ಬೀಳ್ತಿತ್ತು."

"ಆಸಾರಿ ಹೇಳ್ದ ಅವ್ವ, ಒಳಗೆ ತಿಂದ್‌ಬುಟ್ಟೈತೆ."

"ಆಸಾರಿಗೆ ಕೆಲಸ ಬೇಕು, ಹೇಳ್ತಾನೆ. ದೇವ್ರ ಮುಂದೆ ಮಲಗೋಳಿಗೆ ಏನಾಗ್ತೈತೆ?"

ತಾರಸಿ ಹಾಕುವವರ ಹತ್ತಿರ ಒಂದು ಕಬ್ಬಿಣದ ಜಾಕಿ ಕಂಬ ಕೇಳಿ ತಂದು ತೊಲೆಯ ನಡುವಿಗೆ ಆನಿಸಿದೆ. ಮಾರನೆಯ ಶುಕ್ರವಾರ ನೋಡಿದರೆ ಅವ್ವ ಆ ಜಾಕಿಗೂ ಅರಿಶಿನ ಬಳಿದು ಹೂ ಸುತ್ತಿದ್ದಳು. ಬಂದ ಹೆಂಗಸರು ಅದಕ್ಕೂ ಕೈಮುಗಿಯುತ್ತಿದ್ದರು. ಹೆಂಡತಿಗೆ ನಗು ಬಂತು, ಆದರೆ ಒಳಗೆ ಬಂದು ಪಾತ್ರೆ ತೊಳೆಯುತ್ತಾ ಅತ್ತಳು.

"ನಿಮ್ಮವ್ವನ ಮ್ಯಾಲೆ ಅದು ಬಿದ್ರೆ ಊರು ನಿಮ್ಮನ್ನ ಕೇಳಲ್ಲ. ಸೊಸೆ ಏನ್ ಮಾಡ್ತಿದ್ಲು ಅಂತ ನನ್ನ ಕೇಳ್ತಾರೆ. ಉತ್ತ ಒಡೆದ್ರೂ ನನ್ನೇ ಕೇಳ್ತಾರೆ. ನಾನೇನ್ ಮಾಡ್ಲಿ, ಹೇಳಿ."

ಆಕಾಶದಲ್ಲಿ ಮೋಡ ಕೂಡತೊಡಗಿತ್ತು. ಹೂ ಕೇಳೋಣ ಅಂದೆ. ನಮ್ಮ ಊರಲ್ಲಿ ತೀರ್ಮಾನವಾಗದ್ದನ್ನು ಹಾಗೆಯೇ ಬಿಡಿಸುವುದು. ಬಿಳಿ ಹೂ ಒಂದು ಎಲೆಯಲ್ಲಿ, ಕೆಂಪು ಹೂ ಒಂದು ಎಲೆಯಲ್ಲಿ ಮಡಿಸಿ ಮಾರಮ್ಮನ ಮುಂದೆ ಹಾಕುತ್ತಾರೆ. ಒಂದು ಮಗು ಕಣ್ಣು ಮುಚ್ಚಿ ಎತ್ತಿಕೊಡುತ್ತದೆ. ಕೆಂಪು ಬಂದರೆ ಹುತ್ತ ತೆಗೆಯಲು ಅಪ್ಪಣೆ, ಮಣ್ಣನ್ನು ಮಡಕೆಯಲ್ಲಿ ಹೊತ್ತು ಹೊಲದ ಮೂಲೆಗೆ ಬಿಡಬೇಕು. ಬಿಳಿ ಬಂದರೆ ಹುತ್ತ ಅಲ್ಲೇ ಇರಬೇಕು. ಅವ್ವ ಇದಕ್ಕೆ ಒಪ್ಪಿದಳು. ಒಪ್ಪದೆ ಇರುವಂತಿಲ್ಲ.

ಊರ ಗಡಿಯ ಮಾರಮ್ಮನ ಹತ್ತಿರ ಹೋದೆವು. ಗುಡಿ ಅಂದರೆ ಗುಡಿಯಲ್ಲ. ಬೇವಿನ ಮರದ ಪಕ್ಕ ಒಂದು ಕಲ್ಲು, ಸುತ್ತ ಕಟ್ಟೆ, ಮೇಲೆ ಏನೂ ಇಲ್ಲ. ಹಿಂದೆ ಯಾರೋ ಶೀಟು ಹಾಕಿಸಿದರಂತೆ, ಗಾಳಿಗೆ ಹಾರಿಹೋಯಿತಂತೆ, ಆ ತಾಯಿಗೆ ಸೂರು ಆಗದು ಅಂತ ಬಿಟ್ಟಿದ್ದಾರೆ. ಮಗಳು ಕಣ್ಣು ಮುಚ್ಚಿ ಒಂದು ಎಲೆ ಎತ್ತಿದಳು. ಪೂಜಾರಿ ಬಿಚ್ಚಿದ.

ಬಿಳಿ ಹೂ.

ಹಿಂದೆ ನಿಂತಿದ್ದ ಹೆಂಗಸರು ಕುಲವೆ ಹಾಕಿದರು, ನಾಲಿಗೆ ಆಡಿಸಿ ಶುಭಕ್ಕೆ ಕೂಗುವ ಕೂಗು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಗಳು ನನ್ನ ಕೈ ಹಿಡಿದು, "ತಪ್ಪಾ ಎಡುತ್ತುಟ್ಟೇನಾಪ್ಪಾ?" ತಪ್ಪು ತೆಗೆದೆನಾ ಅಂತ ಕೇಳಿದಳು. ಇಲ್ಲಮ್ಮ ಅಂದೆ. ಅವ್ವ ಮನೆಗೆ ಬಂದು ಹೊಸಲ ಹತ್ತಿರ ನಾಯಿಯ ಪಕ್ಕ ನಿಂತು, ಅದು ನೋಡುವ ಕಡೆಗೇ ಸುಮಾರು ಹೊತ್ತು ನೋಡಿದಳು.

ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ಅವ್ವ ಬಂದು, "ಆ ಆಸಾರಿನ ಕರಿ," ಅಂದಳು.

"ಯಾತಕ್ಕವ್ವ? ಬಿಳಿ ಹೂವ ಬಂತಲ್ಲ."

"ಬಂತು. ಉತ್ತ ಇರ್ಲಿ ಅಂದ್ಲು. ಮ್ಯಾಲೆ ಹೆಂಚು ಇರ್ಲಿ ಅಂದ್ಲಾ? ಗಡಿ ಮಾರಮ್ಮ ಬಿಸಿಲಾಗೇ ಕೂತವಳೆ, ಇವಳಿಗೆ ಮಾತ್ರ ಯಾಕೆ ಸೂರು? ಬಿಚ್ಚು ಅದನ್ನ."

"ನೀನೆಲ್ಲಿ ಮಲಗ್ತೀಯ?"

"ನಿನ್ ತಾರಸಿ ಕೆಳಗೆ. ಬೆಂದು ಸಾಯ್ತೀನಿ, ಬುಡು."

ಹೆಂಡತಿ ಒಳಗಿನಿಂದಲೇ, "ಫ್ಯಾನ್ ಐತೆ ಅತ್ತೆ!" ಅಂತ ಕೂಗಿದಳು. ಅವಳ ಧ್ವನಿಯಲ್ಲಿ ಅಷ್ಟು ಸಂತೋಷ ನಾನು ಬಹಳ ದಿನದಿಂದ ಕೇಳಿರಲಿಲ್ಲ.

ಹುತ್ತ ಮುಟ್ಟುವ ಕೆಲಸ ಇಲ್ಲದ್ದರಿಂದ ಆಸಾರಿ ಬಂದ. ಹುತ್ತಕ್ಕೆ ಗೋಣಿಚೀಲ ಹೊದಿಸಿ, ಹೆಂಚು ಒಂದೊಂದಾಗಿ ಇಳಿಸಿದೆವು. ತೊಲೆಗೆ ಹಗ್ಗ ಕಟ್ಟಿ ಜಾಕಿ ಸಡಿಲಿಸಿದಾಗ, ಇಳಿಸುವ ಕೆಲಸವೇ ಉಳಿಯಲಿಲ್ಲ. ನಡುವಿನಲ್ಲಿ ಮುರಿದು ಎರಡು ತುಂಡಾಗಿ ಅವ್ವನ ಮಂಚ ಇರುತ್ತಿದ್ದ ಜಾಗದಲ್ಲಿ ಬಿತ್ತು. ಒಳಗೆ ಸಕ್ಕರೆ ಮಿಲ್ಲಿನಲ್ಲಿ ಹಿಂಡಿ ಎಸೆದ ಕಬ್ಬಿನ ಸಿಪ್ಪೆಯ ಹಾಗೆ ಇತ್ತು.

ಧೂಳು ಇಳಿದ ಮೇಲೆ ಅವ್ವ ಬಂದು ಒಂದು ಚೂರು ಕೈಗೆ ತೆಗೆದುಕೊಂಡಳು. ಬೆರಳಲ್ಲಿ ಒತ್ತಿದರೆ ಪುಡಿಯಾಯಿತು.

"ಇದೇ ಪುಡಿ," ಅಂದಳು. "ದಿನಾ ಕಂಬಳಿ ಮ್ಯಾಲೆ ಬೀಳ್ತಿತ್ತು. ನೀವು ಏಳೋ ಮುಂಚೆ ಕೊಡವಿ ಗುಡಿಸ್ತಿದ್ದೆ."

"ಗೊತ್ತಿದ್ದೂ ಅಲ್ಲೇ ಮಲಗ್ತಿದ್ಯಾ ಅವ್ವ?"

"ಹೇಳಿದ್ರೆ ನೀವು ಉತ್ತ ಒಡೀತಿದ್ರಿ." ಕೈಯ ಪುಡಿಯನ್ನು ಸೆರಗಿಗೆ ಒರೆಸಿಕೊಂಡು, "ಭಯ ಆಯ್ತಿತ್ತು ಕಣ್ಲಾ. ಇಲ್ಲ ಅನ್ನಲ್ಲ," ಅಂದಳು.

ನಾನು ತೊಲೆಯ ತುಂಡುಗಳನ್ನು ಎಳೆದುಕೊಂಡು ಹೋಗಿ ಕೊಟ್ಟಿಗೆಯ ಹಿಂದೆ ಹಾಕಿದೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲವೇನೋ. ಮಳೆ ಬಂತು. ಸೂರು ಇಲ್ಲದ ಕೋಣೆಯಲ್ಲಿ ಹುತ್ತ ನೆನೆಯಿತು. ಒಂದೊಂದು ಮಳೆಗೂ ಸ್ವಲ್ಪ ಕರಗಿ, ಮೊಣಕಾಲೆತ್ತರದ್ದು ಗೇಣುದ್ದ ಆಯಿತು. ಬರುವ ಹೆಂಗಸರಿಗೆ ಕೂರಲು ನೆರಳಿಲ್ಲ, ಕಾಲಿಟ್ಟರೆ ಕೆಸರು. ಒಬ್ಬೊಬ್ಬರೇ ನಿಂತರು. ಅವ್ವ ಈಗಲೂ ಶುಕ್ರವಾರ ಹಾಲು ತೆಗೆದುಕೊಂಡು ಹೋಗುತ್ತಾಳೆ. ಅರಿಶಿನ ತಟ್ಟೆ ಹಿಡಿದು ಯಾರಾದರೂ ಬರುತ್ತಾರೆಯೇ ಎಂದು ಬೀದಿ ಕಡೆ ನೋಡಿ, ಒಳಗೆ ಬಂದು ಫ್ಯಾನಿನ ಕೆಳಗೆ ಕೂರುತ್ತಾಳೆ. "ಎಲ್ಲಾ ಸರಿಯಾಗ್ತೈತೆ" ಅನ್ನುವ ಆ ಧ್ವನಿ ಬೀದಿಗೆ ಕೇಳುವುದಿಲ್ಲ. ಅವಳು ಬದುಕಿದ್ದಾಳೆ, ತಲೆಯ ಮೇಲೆ ಗಟ್ಟಿ ಸೂರಿದೆ. ನಾನು ಕೇಳಿಕೊಂಡದ್ದು ಅದನ್ನೇ. ಆದರೂ ಲೋಡಿಗೆ ಹೊರಡುವಾಗ ಅವಳನ್ನು ಹಾಗೆ ನೋಡಿದರೆ ಗಾಡಿ ಸ್ಟಾರ್ಟ್ ಮಾಡಲು ಮನಸ್ಸು ಬರುವುದಿಲ್ಲ.

ಹೋದ ವಾರ ನಾಯಿ ಅಡುಗೆಮನೆಯ ಬಾಗಿಲಲ್ಲಿ ಕೂತಿತ್ತು. ಮೇಲೆ ನೋಡುತ್ತಿತ್ತು. ಹೋಗಿ ನೋಡಿದರೆ, ಅವ್ವನ ಕೋಣೆಗೆ ಅಂಟಿದ ಗೋಡೆಯಲ್ಲಿ, ಬೇಳೆ ಡಬ್ಬಗಳ ಹಿಂದಿನಿಂದ, ಮರದ ಅಟ್ಟದ ಕಡೆಗೆ ಒಂದು ಸಣ್ಣ ಮಣ್ಣಿನ ಗೆರೆ ಹತ್ತಿತ್ತು. ಹೆಂಡತಿ ಪೊರಕೆ ಹಿಡಿದು ನಿಂತಿದ್ದಳು. ಅವ್ವನೂ ಬಂದು ನೋಡಿದಳು.

"ಹೂವ ಕೇಳ್ಬೇಕಾ ಅತ್ತೆ?" ಹೆಂಡತಿ ಮೆಲ್ಲಗೆ ಕೇಳಿದಳು.

"ಅಡುಗೆಮನೆಗೆಲ್ಲ ಯಾರೇ ಹೂವ ಕೇಳ್ತಾರೆ? ಹುಳ ಅದು. ಒರ್ಸು."

ಹೆಂಡತಿ ಒರೆಸಿದಳು. ಅವ್ವ ನಿಂತು ನೋಡಿದಳು. ಆಮೇಲೆ ನನ್ನನ್ನು ಕರೆದು, ಒರೆಸಿದ ಮಣ್ಣನ್ನು ಕಸಕ್ಕೆ ಹಾಕಬೇಡ, ಹೊಲದ ಮೂಲೆಗೆ ಬಿಟ್ಟು ಬಾ ಅಂದಳು. ಬಿಟ್ಟು ಬಂದೆ. ಮೂರನೇ ದಿನ ಅದೇ ಜಾಗದಲ್ಲಿ ಮತ್ತೆ ಗೆರೆ ಇತ್ತು. ನಾಯಿಯೂ ಇತ್ತು.

ಈಗ ಔಷಧಿ ಹೊಡೆಸಬೇಕು. ಒಂದೇ ಗೋಡೆ, ಈ ಕಡೆ ಅಡುಗೆಮನೆ, ಆ ಕಡೆ ಹುತ್ತ. ಈ ಕಡೆ ಹೊಡೆದದ್ದು ಆ ಕಡೆ ಇಳಿಯದೆ ಇರುತ್ತದೆಯೇ? ಅವ್ವನನ್ನು ಕೇಳಲು ಧೈರ್ಯವಿಲ್ಲ, ಕೇಳದೆ ಮಾಡಲು ಮನಸ್ಸಿಲ್ಲ. ಓದಿದವರಲ್ಲಿ ಯಾರ ಮನೆಯಲ್ಲಾದರೂ ಹೀಗೆ ಹುತ್ತ ಎದ್ದಿತ್ತೇ? ಮನೆಯನ್ನೂ ಉಳಿಸಿ, ಹಿರಿಯರ ಮನಸ್ಸನ್ನೂ ಉಳಿಸಿಕೊಂಡವರು ಇದ್ದೀರಾ? ಏನು ಮಾಡಿದಿರಿ ಅಂತ ನಾಲ್ಕು ಸಾಲು ಬರೆಯಿರಿ. ತಮಿಳಿನಲ್ಲಿ ಬರೆದರೂ ಪರವಾಗಿಲ್ಲ, ಓದುತ್ತೇನೆ. ಅವ್ವನಿಗೂ ಓದಿ ಹೇಳುತ್ತೇನೆ.